ಅಜ್ಜಿಯ ದವಡೆಹಲ್ಲು

ಪರದೇಶದ ಶಾಲೆಯೊಂದರ ಕೋಣೆಯಲ್ಲಿ ನಾನು ಉಚಿತವಾಗಿ ಹಲ್ಲು ಕೀಳುತ್ತಿದ್ದೆ. ಮಧ್ಯಾಹ್ನ ಸೊಸೆಯ ಕೈಹಿಡಿದು ಒಬ್ಬ ಅಜ್ಜಿ ಬಂದರು. ದವಡೆಹಲ್ಲಿನ ನೋವಿಗೆ ಅವರು ನಿದ್ದೆ ಮಾಡಿ ವಾರವಾಗಿತ್ತು.

“ಹಲ್ಲು ಕೀಳಪ್ಪ, ನಾಲಿಗೆ ಮಾತ್ರ ಬಿಟ್ಟಿರು. ಇವಳ ಜೊತೆ ಜಗಳಕ್ಕೆ ಬೇಕು.”

“ಅದಕ್ಕೇನೂ ಆಗಲ್ಲ ಬಿಡಿ ಅತ್ತೆ,” ಎಂದಳು ಸೊಸೆ.

ಬಾಯೊಳಗೆ ಹಿಡಿದ ಕನ್ನಡಿ ಯಾರ ಉಸಿರಿಗಾದರೂ ಮಬ್ಬಾಗುತ್ತದೆ. ಅಜ್ಜಿಯ ಬಾಯಲ್ಲಿ ಆಗಲಿಲ್ಲ. ಕೈಗವಸು ತೊಟ್ಟಿದ್ದರೂ ಒಸಡು ತಣ್ಣಗೆ ಕೊರೆಯುತ್ತಿತ್ತು. ಕೊಕ್ಕೆಯಂತೆ ಬಾಗಿದ ಬೇರಿನೊಡನೆ ಬೆವರಿಳಿಯುವವರೆಗೆ ಗುದ್ದಾಡಿ ಹಲ್ಲು ಕಿತ್ತೆ. ರಕ್ತ ಬರಲಿಲ್ಲ. ಕಚ್ಚಿಸಿದ ಹತ್ತಿ ಬೆಳ್ಳಗೇ ಹೊರಬಂತು.

“ಅಬ್ಬ, ಇನ್ನು ಮಲಗ್ತೀನಿ,” ಎಂದು ಅಜ್ಜಿ ಎದ್ದು ಸೊಸೆಯೊಡನೆ ಹೋದರು.

ಸಂಜೆ ಕಿತ್ತ ಹಲ್ಲುಗಳನ್ನು ಹಾಕಿದ್ದ ತಟ್ಟೆ ತೊಳೆಯುವಾಗ ಅಜ್ಜಿಯ ಹಲ್ಲನ್ನು ಮುಟ್ಟಿದೆ. ಬೆಚ್ಚಗಿತ್ತು. ಮರುದಿನ ಬೆಳಿಗ್ಗೆಯೂ ಬೆಚ್ಚಗೇ ಇತ್ತು.