ಎಡಗಡೆಯ ರೆಕ್ಕೆ

"ಯಾರೂ ಮುಟ್ಟಬ್ಯಾಡ್ರಿ! ನೋಡ್ರಿ, ಬರೇ ಕಣ್ಣಿಲೆ ನೋಡ್ರಿ!"

ಅಕ್ಕಿ ಮಿಲ್ಲಿನ ಸಾವ್ಕಾರ ಮರುಳಸಿದ್ದಪ್ಪ ಕೂಗುತ್ತಲೇ ಇದ್ದರು. ಆದರೆ ಮಂದಿ ಕೇಳಬೇಕಲ್ಲ! ಕಂಪ್ಲಿಯ ಅರ್ಧ ಊರು ಮಿಲ್ಲಿನ ಅಂಗಳದಲ್ಲಿ ಸೇರಿತ್ತು. ಐದನೇ ಕ್ಲಾಸಿನ ಕರೆಮ್ಮ ದೊಡ್ಡವರ ಮೊಣಕೈಗಳ ಕೆಳಗೆ ನುಸುಳಿ, ಹೇಗೋ ಮುಂದಿನ ಸಾಲಿಗೆ ಬಂದು ನಿಂತಳು.

ಅಲ್ಲಿತ್ತು ಕಾರು. ಮೇಲೆ ಕೆನೆ ಬಣ್ಣ, ಕೆಳಗೆ ಗಿಳಿ ಹಸಿರು. ಅಂಬಾಸಿಡರ್‌ಗಿಂತ ಎಷ್ಟೋ ಉದ್ದ. ಮೇಲಿನ ಟಾಪು ತಗ್ಗಾಗಿ, ಗಾಳಿಗೆ ತಲೆ ಬಗ್ಗಿಸಿದ ಹಾಗೆ ಇತ್ತು. ಎಲ್ಲಕ್ಕಿಂತ ಚಂದ ಅದರ ಹಿಂಭಾಗ. ಎಡಕ್ಕೊಂದು, ಬಲಕ್ಕೊಂದು ಎರಡು ರೆಕ್ಕೆಗಳು ಮೇಲಕ್ಕೆ ಎದ್ದಿದ್ದವು. ಒಂದೊಂದು ರೆಕ್ಕೆಯ ತುದಿಯಲ್ಲೂ ಒಂದೊಂದು ಕೆಂಪು ದೀಪ.

ಅದು ೧೯೭೨ನೇ ಇಸವಿ. ಕಾಲುವೆ ನೀರು ಬಂದ ಮೇಲೆ ಕಂಪ್ಲಿಯವರು ಟ್ರಾಕ್ಟರ್ ನೋಡಿದ್ದರು, ಲಾರಿ ನೋಡಿದ್ದರು. ಇಂಥ ಕಾರನ್ನು ಮಾತ್ರ ಯಾರೂ ನೋಡಿರಲಿಲ್ಲ. ಸಾವ್ಕಾರರು ಅದನ್ನು ಮದ್ರಾಸಿನಲ್ಲಿ ಕೊಂಡು ತಂದು ಎರಡು ದಿನವಾಗಿತ್ತು.

ಹೊಸಪೇಟೆಯಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದ ಮೈಲಾರಲಿಂಗಪ್ಪನವರಿಗೆ ಕಾರೆಂದರೆ ಹುಚ್ಚು. ಸುದ್ದಿ ತಿಳಿದದ್ದೇ ಮೋಟರ್‌ಸೈಕಲ್ ಹತ್ತಿ ಬಂದುಬಿಟ್ಟಿದ್ದರು. ಪ್ಯಾಂಟಿಗೆ ಧೂಳಾದರೂ ಲೆಕ್ಕಿಸದೆ ಮಂಡಿಯೂರಿ, ಕಾರಿನ ಅಡಿಯಲ್ಲಿ ಬಗ್ಗಿ ನೋಡಿದರು.

"ಸಾವ್ಕಾರ್ರ, ಇದು ಕಂಪನಿಯಿಂದ ಹಿಂಗ ಬಂದದ್ದಲ್ಲ ನೋಡ್ರಿ. ಯಾರೋ ಕಂಪನಿ ಕಾರನ್ನ ಕೊಯ್ದು, ತಮಗ ಬೇಕಾದಂಗ ಮತ್ತ ಕಟ್ಟ್ಯಾರ. ಕಸ್ಟಮ್ ಕಾರು ಅಂತಾರ ಇದಕ್ಕ. ಇಂಥದು ಇನ್ನೊಂದು ಎಲ್ಲೂ ಸಿಗಂಗಿಲ್ಲ."

"ಹೌದಾ! ಎಲ್ಲಿ ಕಟ್ಟಿರ್ತಾರಂತೀರಿ?"

ಮೈಲಾರಲಿಂಗಪ್ಪ ರೆಕ್ಕೆಯ ಅಂಚನ್ನೇ ನೋಡುತ್ತ ತಲೆ ಅಲ್ಲಾಡಿಸಿದರು. "ಇಂಥ ಕೈ ನಮ್ಮ ಕಡೆ ಎಲ್ಲೈತ್ರಿ? ಅಮೆರಿಕದಾಗ ಆಗಿರಬೇಕು."

"ಅಮೆರಿಕ, ಅಮೆರಿಕ" ಎಂಬ ಮಾತು ಗುಂಪಿನ ತುಂಬ ಹರಿದಾಡಿತು.

ಕರೆಮ್ಮ ತಿರುಗಿ ರಸ್ತೆಯ ಆಚೆ ನೋಡಿದಳು. ಅಲ್ಲೇ ಅವಳ ಅಪ್ಪನ ಶೆಡ್ಡು. ಅಪ್ಪ ಪಾಲಪ್ಪ ಟಿಂಕರ್. ಟ್ರಂಕು ಮಾಡುತ್ತಿದ್ದ, ಬಸ್ಸು ಲಾರಿಗಳ ನೆಗ್ಗಿದ ತಗಡು ಬಡಿದು ಸರಿ ಮಾಡುತ್ತಿದ್ದ. ಊರೆಲ್ಲ ಇಲ್ಲಿದ್ದರೂ ಅಪ್ಪ ಮಾತ್ರ ಬಂದಿರಲಿಲ್ಲ. ಕಾರು ಊರಿಗೆ ಬಂದ ದಿನ ಸುತ್ತಿಗೆ ಕೆಳಗಿಟ್ಟು, ಅದು ಮಿಲ್ಲಿನೊಳಗೆ ಹೋಗುವವರೆಗೂ ನಿಂತು ನೋಡಿದ್ದ. ಆಮೇಲೆ ಒಳಗೆ ಹೋದವನು ಆ ಕಡೆ ತಲೆ ಹಾಕಿರಲಿಲ್ಲ. ಕರೆಮ್ಮನಿಗೆ ಅದೊಂದು ಬೇಜಾರು.

ಅಷ್ಟರಲ್ಲಿ ಸಾವ್ಕಾರರು ಮುಂದೆ ಹೋಗಿ ಬಾನೆಟ್ ಎತ್ತಿದರು. ಎಲ್ಲರೂ ಎಂಜಿನ್ ನೋಡಲು ಆ ಕಡೆ ನುಗ್ಗಿದರು. ಕರೆಮ್ಮನ ಮುಂದೆ ಈಗ ಡ್ರೈವರ್ ಸೀಟಿನ ತೆರೆದ ಕಿಟಕಿ. ಒಳಗೆ ಬಿಳಿ ಸ್ಟೇರಿಂಗ್, ಅದರ ನಡುವೆ ಬೆಳ್ಳಿಯಂತೆ ಹೊಳೆಯುವ ಒಂದು ಬಳೆ.

ಒಂದೇ ಒಂದು ಸಲ ಮುಟ್ಟಬೇಕು ಅನಿಸಿತು. ಕೈ ಒಳಗೆ ಹಾಕಿ ಆ ಬಳೆಯನ್ನು ಒತ್ತಿದಳು.

ಭೋಂ...!

ಅದು ಹಾರ್ನ್ ಎಂದು ಕರೆಮ್ಮನಿಗೆ ಗೊತ್ತಿರಲಿಲ್ಲ. ಹೆದರಿ ಹಿಂದಕ್ಕೆ ಜಿಗಿದಳು. ಅದೇ ಹೊತ್ತಿಗೆ ಎರ್ರೆಪ್ಪ ಎಂಬ ರೈತ ಭತ್ತದ ಚೀಲ ತುಂಬಿದ ಬಂಡಿಯನ್ನು ಕಾರಿನ ಹಿಂದಿನಿಂದ ದಾಟಿಸುತ್ತಿದ್ದ. ಎತ್ತುಗಳು ಬೆದರಿ ಹಿಂದೆ ಹಿಂದೆ ಸರಿದವು. "ಹೋ, ಹೋ" ಎಂದು ಎರ್ರೆಪ್ಪ ಹಗ್ಗ ಜಗ್ಗಿದರೂ ನಿಲ್ಲಲಿಲ್ಲ. ಬಂಡಿಯ ಹಿಂದಿನ ಮೂಲೆ ಕಾರಿನ ಎಡಗಡೆಯ ರೆಕ್ಕೆಗೆ ಧಡ್ ಎಂದು ಗುದ್ದಿತು.

ಮಂದಿ ಎಲ್ಲ ಕಾರಿನ ಹಿಂಭಾಗಕ್ಕೆ ಓಡಿ ಬಂದರು. ರೆಕ್ಕೆಯ ನಡುವೆ ಅಂಗೈ ಅಗಲದ ನೆಗ್ಗು ಬಿದ್ದಿತ್ತು. ಬಣ್ಣ ಚಕ್ಕೆಯಾಗಿ ಉದುರಿತ್ತು.

ಸಾವ್ಕಾರರ ಮುಖ ಕೆಂಪಾಯಿತು. "ಕಣ್ಣು ಕಾಣಂಗಿಲ್ಲೇನು ನಿನಗ?"

"ಎತ್ತು ಬೆದರಿದ್ವು ಸಾವ್ಕಾರ್ರ... ಯಾರೋ ಹಾರ್ನ್ ಹೊಡೆದ್ರು..."

"ಯಾರು ಹೊಡೆದ್ರು?"

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಕರೆಮ್ಮ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಮದ್ರಾಸಿನಿಂದ ಮಂದಿ ಬಂದು ಇದನ್ನ ಸರಿ ಮಾಡೋತನಕ ನಿನ್ನ ಎತ್ತು ಇಲ್ಲೇ ಇರ್ಲಿ" ಎಂದರು ಸಾವ್ಕಾರರು.

ಎರ್ರೆಪ್ಪ ಕೈ ಮುಗಿದ. "ಶನಿವಾರ ನನ್ನ ಗದ್ದಿಗೆ ಕಾಲುವಿ ನೀರಿನ ಪಾಳಿ ಐತ್ರೀ. ಎತ್ತಿಲ್ಲಂದ್ರ ಉತ್ತು ಕೆಸರು ಹೆಂಗ ಮಾಡ್ಲಿ? ಈ ಪಾಳಿ ತಪ್ಪಿದ್ರ ನಾಟಿ ತಪ್ಪತೈತಿ."

ಸಾವ್ಕಾರರು ಒಳಗೆ ಹೋದರು. ಮಿಲ್ಲಿನ ಆಳುಗಳು ಎತ್ತುಗಳನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದರು. ಎರ್ರೆಪ್ಪ ಅವುಗಳ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟ.

ಮನೆಗೆ ಬಂದ ಕರೆಮ್ಮನಿಗೆ ರೊಟ್ಟಿ ಇಳಿಯಲಿಲ್ಲ. "ಯಾಕವ್ವಾ, ಮೈ ಬೆಚ್ಚಗೈತೇನು?" ಎಂದು ಅವ್ವ ಹಣೆ ಮುಟ್ಟಿ ನೋಡಿದಳು. ಕರೆಮ್ಮ ಎದ್ದು ಸೀದಾ ಶೆಡ್ಡಿಗೆ ಹೋದಳು. ಅಪ್ಪ ಒಂದು ಟ್ರಂಕಿಗೆ ಕೊಂಡಿ ಕೂರಿಸುತ್ತಿದ್ದ.

"ಅಪ್ಪಾ, ಹಾರ್ನ್ ಹೊಡೆದಾಕಿ ನಾನು."

ಅಪ್ಪ ತಲೆ ಎತ್ತಿದ. ಕರೆಮ್ಮ ಅಳುತ್ತಲೇ ಎಲ್ಲ ಹೇಳಿದಳು. ಬೈಯುತ್ತಾನೆ, ಒಂದು ಏಟು ಕೊಡುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಯಾವ ರೆಕ್ಕಿ? ಎಡಗಡೇದಾ, ಬಲಗಡೇದಾ?"

"ಎಡಗಡೇದು."

ಅಪ್ಪ ಕೊಂಡಿಯನ್ನು ಕೆಳಗಿಟ್ಟ.

ಮರುದಿನ ಬೆಳಗ್ಗೆ ಇಬ್ಬರೂ ಮಿಲ್ಲಿಗೆ ಹೋದರು. ಸಾವ್ಕಾರರು ಕಾರಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಸುತ್ತ ಮತ್ತೆ ಹತ್ತಾರು ಮಂದಿ. ಅಪ್ಪ ಕರೆಮ್ಮನ ಬೆನ್ನ ಮೇಲೆ ಕೈಯಿಟ್ಟ.

"ಹೇಳವ್ವಾ."

ಕರೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಹಾರ್ನ್ ಹೊಡೆದಿದ್ದು ನಾನ್ರೀ. ಎರ್ರೆಪ್ಪ ಮಾಮಂದು ತಪ್ಪಿಲ್ರೀ."

ಸಾವ್ಕಾರರು ಅವಳನ್ನೇ ನೋಡಿದರು. ಚಹಾದ ಕಪ್ಪು ಕೆಳಗಿಟ್ಟರು. "ತಪ್ಪು ಯಾರದರ ಇರ್ಲಿ. ನನ್ನ ಕಾರು ಮೊದಲಿನಂಗ ಆಗಬೇಕಲ್ಲ."

"ನಾ ಸರಿ ಮಾಡ್ತೀನ್ರಿ" ಎಂದ ಅಪ್ಪ.

"ನೀನು ಟ್ರಂಕು ಮಾಡಾವ ಪಾಲಪ್ಪ. ಇದು ಅಮೆರಿಕದ ಕೆಲಸ."

"ಅಮೆರಿಕದ್ದಲ್ರೀ. ಹೊಸಪೇಟಿ ಡ್ಯಾಮಿನ ವರ್ಕ್‌ಶಾಪಿನಾಗ ಮಾಡಿದ್ದು. ನಾನೂ ನನ್ನ ತಮ್ಮನೂ."

ಯಾರೋ ಕಿಸಕ್ಕನೆ ನಕ್ಕರು. ಕರೆಮ್ಮನ ಕಿವಿ ಬಿಸಿಯಾಯಿತು. ಅಪ್ಪ ಸುಳ್ಳು ಹೇಳುವವನಲ್ಲ. ಆದರೆ ಇದು?

ಅಪ್ಪ ನಕ್ಕವರ ಕಡೆ ನೋಡಲೂ ಇಲ್ಲ. "ಡಿಕ್ಕಿ ತಗಸ್ರಿ. ಒಳಗಿನ ಹಲಗಿ ಬಿಚ್ಚಿ ನೋಡ್ರಿ. ರೆಕ್ಕಿ ಮೂರು ತುಂಡಿನಾಗ ಐತಿ. ನಡುವಿನ ಬೆಸುಗಿ ಹಿತ್ತಾಳಿದು. ಆ ದಿನ ವೆಲ್ಡಿಂಗಿನ ಕಬ್ಬಿಣದ ಕಡ್ಡಿ ಮುಗಿದಿದ್ವು. ಅದಕ್ಕ ಹಿತ್ತಾಳಿ ಹಾಕಿದ್ವಿ."

ಸಾವ್ಕಾರರು ಸನ್ನೆ ಮಾಡಿದರು. ಡಿಕ್ಕಿ ತೆಗೆದು, ಹಲಗೆ ಬಿಚ್ಚಿದರು. ಸಾವ್ಕಾರರೇ ಬ್ಯಾಟರಿ ಹಿಡಿದು ಬಗ್ಗಿ ನೋಡಿದರು. ಒಂದು, ಎರಡು, ಮೂರು ತುಂಡು. ನಡುವೆ ಹಳದಿ ಗೆರೆ.

ನಕ್ಕವರೂ ಬಗ್ಗಿ ಇಣುಕಿದರು. ಸಾವ್ಕಾರರು ನೆಟ್ಟಗಾಗಿ ಪಾಲಪ್ಪನನ್ನು ಈಗಷ್ಟೇ ಮೊದಲ ಸಲ ನೋಡುವವರಂತೆ ನೋಡಿದರು.

"ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ ನೀನು?"

"ಯಾರೂ ಕೇಳ್ಲಿಲ್ರೀ" ಎಂದ ಅಪ್ಪ.

"ನಾಳೆ ಸಂಜಿಯೊಳಗ ಆಗ್ತತೇನು?"

"ಆಗ್ತತ್ರಿ. ಆದ ಕೂಡ್ಲೆ ಎತ್ತು ಬಿಡಬೇಕು ನೀವು."

"ಬಿಡ್ತೀನಿ."

ಕರೆಮ್ಮ ಅವತ್ತು ಸ್ಕೂಲಿಗೆ ಹೋಗಲಿಲ್ಲ. ಅಪ್ಪನ ಸುತ್ತಿಗೆಗಳನ್ನೂ ಒಂದು ಕಬ್ಬಿಣದ ಗಟ್ಟಿಯನ್ನೂ ಶೆಡ್ಡಿನಿಂದ ಹೊತ್ತು ತಂದಳು. ಅಪ್ಪ ಡಿಕ್ಕಿಯೊಳಗೆ ಹತ್ತಿ ಕೂತ. ಕರೆಮ್ಮ ಹೊರಗೆ ನಿಂತು, ನೆಗ್ಗಿನ ಮೇಲೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಅಪ್ಪ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ನೆಗ್ಗನ್ನು ಎಬ್ಬಿಸಬೇಕು.

ಕರೆಮ್ಮ ಗಟ್ಟಿ ಹಿಡಿದು ಕಾದಳು. ಸುತ್ತಿಗೆಯ ಸದ್ದು ಬರಲೇ ಇಲ್ಲ. ಬಗ್ಗಿ ನೋಡಿದರೆ ಅಪ್ಪ ಸುಮ್ಮನೆ ಕೂತಿದ್ದ. ಬ್ಯಾಟರಿ ಬೆಳಕು ರೆಕ್ಕೆಯ ಒಳಮೈ ಮೇಲೆ ಬಿದ್ದಿತ್ತು.

"ಯಾಕಪ್ಪಾ?"

"ಬಾ ಇಲ್ಲಿ. ಕೈ ಇಟ್ಟು ನೋಡು."

ಕರೆಮ್ಮ ಡಿಕ್ಕಿಯೊಳಗೆ ಹತ್ತಿ ತಗಡಿನ ಮೇಲೆ ಬೆರಳಾಡಿಸಿದಳು. ಹೊರಗೆ ಕನ್ನಡಿಯಂತೆ ನುಣುಪಾಗಿದ್ದ ರೆಕ್ಕೆ ಒಳಗೆ ಹಾಗಿರಲಿಲ್ಲ. ಸಣ್ಣ ಸಣ್ಣ ಗುಳಿಗಳು ಸಾಲುಸಾಲಾಗಿ, ಎಲ್ಲವೂ ಒಂದೇ ಕಡೆ ವಾಲಿಕೊಂಡು, ರೆಕ್ಕೆಯ ತುದಿಯವರೆಗೂ ಹೋಗಿದ್ದವು.

"ಸುತ್ತಿಗಿ ಏಟು ಅವು" ಎಂದ ಅಪ್ಪ. "ಬಲಗಡೆ ರೆಕ್ಕಿ ನಾ ಮಾಡಿದ್ದು. ಈ ರೆಕ್ಕಿ ನಿನ್ನ ಕಾಕಂದು. ಅವ ಎಡಗೈಲೆ ಹೊಡಿತಿದ್ದ. ಅದಕ್ಕ ಹಿಂಗ ವಾಲ್ಯಾವು."

"ಹುಲುಗಪ್ಪ ಕಾಕಂದಾ?"

ಕರೆಮ್ಮನಿಗೆ ಆ ಕಾಕ ಒಂದು ಹೆಸರು ಮಾತ್ರ. ಅವಳು ಹುಟ್ಟುವ ಮೊದಲೇ ತೀರಿಹೋಗಿದ್ದ. ಅವನ ಬಗ್ಗೆ ಅಪ್ಪ ಎಂದೂ ಮಾತಾಡಿದವನಲ್ಲ. ಇವತ್ತು ಆ ಕತ್ತಲೆಯ ಡಿಕ್ಕಿಯೊಳಗೆ ಕೂತು ಮಾತಾಡಿದ.

"ಡ್ಯಾಮಿನ ಕೆಲಸ ಹಿಡಿದಿದ್ದ ಒಬ್ಬ ಕಂಟ್ರಾಕ್ಟರ್ ಇದ್ದ. ಅವನ ಕಾರು ಗುಡ್ಡದಿಂದ ಜಾರಿ ಹಿಂದಿನ ಭಾಗ ಜಜ್ಜಿ ಹೋಗಿತ್ತು. ಪೇಪರಿನಾಗಿನ ಒಂದು ಚಿತ್ರ ತಂದು, ಹಿಂಗ ಮಾಡಿಕೊಡ್ರಿ ಅಂದ. ನನಗ ಧೈರ್ಯ ಇರ್ಲಿಲ್ಲ. ಹುಲುಗ್ಯಾ ಹೂಂ ಅಂದುಬಿಟ್ಟ. ಹತ್ತೊಂಬತ್ತು ವರ್ಷದ ಹುಡುಗ. ಐದು ತಿಂಗಳು ಮಾಡಿದ್ವಿ. ಕಾರು ಹೋಗುವಾಗ ಅವ ರಸ್ತಿ ತನಕ ಅದರ ಹಿಂದ ಓಡಿದ್ದ. ಆಮ್ಯಾಗ ಮೂರು ತಿಂಗಳಿಗೆ ಚಳಿಜ್ವರ ಬಂತು. ಎಂಟು ದಿನ ಇದ್ದ, ಅಷ್ಟ."

ಕರೆಮ್ಮ ಇನ್ನೊಮ್ಮೆ ಆ ಗುಳಿಗಳನ್ನು ಮುಟ್ಟಿದಳು. ಕಾರು ಬಂದ ದಿನ ಅಪ್ಪ ಯಾಕೆ ಅಷ್ಟು ಹೊತ್ತು ನಿಂತು ನೋಡಿದ, ಯಾಕೆ ಆಮೇಲೆ ಈ ಕಡೆ ಬರಲಿಲ್ಲ ಎಂದು ಈಗ ಗೊತ್ತಾಯಿತು. ಇನ್ನೊಂದು ಸಂಗತಿಯೂ ಹೊಳೆಯಿತು.

"ಅಪ್ಪಾ, ನೀ ಈಗ ಬಡಿದ್ರ... ಇವು ಹೋಗ್ತಾವಲ್ಲ?"

"ನೆಗ್ಗಿದಲ್ಲಿ ಇರೋವು ಹೋಗ್ತಾವು."

"ಹೊರಗಿನಿಂದ ಮಾಡಾಕ ಬರಂಗಿಲ್ಲೇನು?"

"ಬರಂಗಿಲ್ಲ. ಒಳಗಿಂದನ ಎಬ್ಬಿಸಬೇಕು."

"ಹಂಗಾರ ಬ್ಯಾಡಪ್ಪ! ಮದ್ರಾಸಿನವರು ಬಂದು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಡಿಕ್ಕಿಯ ಬಾಯಿಂದ ಬೇವಿನ ಮರ ಕಾಣುತ್ತಿತ್ತು. ಎರ್ರೆಪ್ಪ ಎತ್ತುಗಳ ಮುಂದೆ ಹುಲ್ಲು ಹಾಕಿ, ಒಂದರ ಕತ್ತು ನೀವುತ್ತ ಈ ಕಡೆಯೇ ನೋಡುತ್ತಿದ್ದ.

ಅಪ್ಪನೂ ಅಲ್ಲಿಗೇ ನೋಡಿದ. "ಎರ್ರೆಪ್ಪನ ಪಾಳಿ ನಾಡಿದ್ದ ಐತಿ" ಎಂದ. "ಹೋಗು, ಗಟ್ಟಿ ಹಿಡಿ."

ಕರೆಮ್ಮ ಹೊರಗಿಳಿದು ಕಬ್ಬಿಣವನ್ನು ರೆಕ್ಕೆಗೆ ಒತ್ತಿ ಹಿಡಿದಳು. ಈ ಸಲ ಸುತ್ತಿಗೆ ಬಿತ್ತು. ಏಟು ತಗಡಿನಿಂದ ಗಟ್ಟಿಗೆ, ಗಟ್ಟಿಯಿಂದ ಅವಳ ಅಂಗೈಗೆ ಬಂತು. ಆಮೇಲೆ ಇನ್ನೊಂದು. ಮತ್ತೊಂದು. ಅಪ್ಪ ಒಂದೊಂದೇ ಏಟನ್ನು ನಿಧಾನವಾಗಿ, ಅಳೆದು ಅಳೆದು ಹಾಕುತ್ತಿದ್ದ. ಬೇಕಿದ್ದಕ್ಕಿಂತ ಒಂದೂ ಹೆಚ್ಚಾಗಬಾರದು ಎಂಬಂತೆ. ಕರೆಮ್ಮನ ಕೈ ಸೋತು ಜುಮ್ಮೆನ್ನುತ್ತಿತ್ತು. ಆದರೂ ಬಿಡಲಿಲ್ಲ. ನಾನೇ ಮಾಡಿದ್ದಲ್ಲವೇ ಇದು ಎಂದು ತುಟಿ ಕಚ್ಚಿ ಹಿಡಿದೇ ಇದ್ದಳು.

ಶುಕ್ರವಾರ ಸಂಜೆ ಅಪ್ಪ ಉಪ್ಪುಕಾಗದದಿಂದ ಉಜ್ಜಿ, ಅಂಗೈಯಿಂದ ಸವರಿ ನೋಡಿದ. ಬಣ್ಣ ಬಳಿಯುವುದು ಬಾಕಿ ಇತ್ತು. ರೆಕ್ಕೆಯ ಮೇಲೆ ಬೂದು ಬಣ್ಣದ ಒಂದು ಗುರುತು ಮಾತ್ರ ಉಳಿದಿತ್ತು. ಸಾವ್ಕಾರರು ಕಣ್ಣು ಮುಚ್ಚಿ ಅದರ ಮೇಲೆ ಕೈಯಾಡಿಸಿದರು.

"ಎಲ್ಲಿ ನೆಗ್ಗಿತ್ತೋ ಗೊತ್ತ ಆಗಂಗಿಲ್ಲ!"

ಅವರು ತಾವೇ ಹೋಗಿ ಎತ್ತುಗಳ ಹಗ್ಗ ಬಿಚ್ಚಿದರು. "ಸಿಟ್ಟಿನಾಗ ಮಾಡಿದೆ. ಮನಸಿನಾಗ ಇಟ್ಕೋಬ್ಯಾಡ" ಎಂದರು. ಎರ್ರೆಪ್ಪ ಪಾಲಪ್ಪನ ಎರಡೂ ಕೈ ಹಿಡಿದುಕೊಂಡ. ಆಮೇಲೆ ಬಂಡಿ ಹೊಡೆದುಕೊಂಡು ಹೋದ.

ಭಾನುವಾರ ಮೈಲಾರಲಿಂಗಪ್ಪ ಮತ್ತೆ ಬಂದರು. ಸುದ್ದಿ ಹೊಸಪೇಟೆಗೂ ಮುಟ್ಟಿತ್ತು. ಅವರ ಜೊತೆ ನಾಲ್ಕೈದು ಕಾರಿನ ಹುಚ್ಚಿನವರು, ಹೆಗಲಲ್ಲಿ ಕ್ಯಾಮೆರಾ. ಎಲ್ಲರೂ ಪಾಲಪ್ಪನನ್ನು ಶೆಡ್ಡಿನಿಂದ ಕರೆತಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಟಾಪು ಹೆಂಗ ಇಳಿಸಿದ್ರಿ? ತಗಡು ಎಲ್ಲೀದು? ಅಪ್ಪ ಕೇಳಿದ್ದಕ್ಕಷ್ಟೇ ಹೇಳಿದ. ಪ್ರತಿ ಸಲವೂ "ನಾವು" ಎಂದ, "ನಾನು" ಎನ್ನಲಿಲ್ಲ.

"ನಾ ಅಮೆರಿಕ ಅಂದಿದ್ದೆ. ತಪ್ಪಾತ್ರಿ ಪಾಲಪ್ಪನವರ" ಎಂದರು ಮೈಲಾರಲಿಂಗಪ್ಪ. "ಬರ್ರಿ, ಕಾರಿನ ಮುಂದ ನಿಂದರ್ರಿ. ನಿಮ್ಮದೊಂದು ಫೋಟೋ ತಗೀತೀನಿ."

ಅಪ್ಪ ಮುಂದೆ ಹೋಗಲಿಲ್ಲ. ಹಿಂದೆ ನಡೆದು, ಎಡಗಡೆಯ ರೆಕ್ಕೆಯ ಪಕ್ಕ ನಿಂತ. ಅದರ ಮೇಲೆ ಮೆಲ್ಲಗೆ ಕೈಯಿಟ್ಟ.

"ಅಲ್ಲಿ ಬಣ್ಣ ಹೋಗೈತಲ್ರೀ. ಈ ಕಡೆ ಚಲೋ ಬರ್ತತಿ."

"ಇಲ್ಲೇ ಇರ್ಲಿ ಬಿಡ್ರಿ."

"ಹಂಗಾರ ಮಗಳನ್ನರ ಕರೀರಿ."

ಕರೆಮ್ಮ ಲಂಗ ಸರಿಮಾಡಿಕೊಂಡು ಹೋದಳು. ರೆಕ್ಕೆಯ ಮೇಲಿದ್ದ ಅಪ್ಪನ ಕೈಯನ್ನು ನೋಡಿದಳು. ಒಳಗೆ ವಾಲಿಕೊಂಡಿದ್ದ ಗುಳಿಗಳು ನೆನಪಾದವು. ಅವನಿಗೆ ಅಂಟಿಕೊಂಡು ನಿಲ್ಲಲಿಲ್ಲ. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಈ ಕಡೆ ನೆಟ್ಟಗೆ ನಿಂತಳು.

ಮೈಲಾರಲಿಂಗಪ್ಪ ಕ್ಯಾಮೆರಾದಿಂದ ಕಣ್ಣು ತೆಗೆದರು. "ಇನ್ನೊಂಚೂರು ಸರಿಯವ್ವಾ ಅಪ್ಪನ ಕಡೆ. ನಡುವ ಖಾಲಿ ಕಾಣ್ತತಿ."

ಕರೆಮ್ಮ ಕದಲಲಿಲ್ಲ.

"ಇರ್ಲಿ ಬಿಡ್ರಿ" ಎಂದಳು.