ಎಂಬತ್ತನಾಲ್ಕನೆಯ ಕೀ

"ಅಣ್ಣಾ, ಇದು ನೀಲಿ ಅಲ್ಲ."

ತಮ್ಮ ಹೇಳಿದ್ದು ಇಷ್ಟೇ. ಸೋಮವಾರ ಬೆಳಗ್ಗೆ ಹತ್ತೂವರೆ ಗಂಟೆ. ಅಂಗಡಿಯ ಮೇಜಿನ ಮೇಲೆ ಹಳೆಯ ಕೀಬೋರ್ಡು, ಅದರ ಪಕ್ಕದಲ್ಲಿ ಶನಿವಾರ ಅಣ್ಣ ತನ್ನ ಕೈಯಾರೆ ಬರೆದ ಚೀಟಿ, ಎದುರಿನ ಕುರ್ಚಿಯಲ್ಲಿ ಕೀಬೋರ್ಡಿನ ಒಡತಿ. ತಮ್ಮನ ಬೆರಳಲ್ಲಿ ಆಗಷ್ಟೇ ಕಿತ್ತ ಒಂದು ಕೀಯ ಮುಚ್ಚಳ. ಅದು ಕೂತಿದ್ದ ಜಾಗದಲ್ಲಿ, ಕೀ ಒತ್ತಿದರೆ ಏರಿಳಿಯುವ ಪುಟ್ಟ ಪ್ಲಾಸ್ಟಿಕ್ ತುಂಡು ಕಾಣುತ್ತಿತ್ತು — ಅಚ್ಚ ಬಿಳಿ.

ಅಣ್ಣ ಮೇಜಿನ ಮೇಲೆ ಬಗ್ಗಿ ನೋಡಿದ. ಬಿಳಿಯೇ? ಹೇಗೆ?

"ಇನ್ನೊಂದು ತೆಗಿ" ಎಂದ. ತಮ್ಮ ತೆಗೆದ. ಬಿಳಿ. ಮತ್ತೊಂದು? ಅದೂ ಬಿಳಿ. ಮೇಲಿನ ಸಾಲು, ಕೆಳಗಿನ ಸಾಲು, ಎರಡು ಮೂಲೆ — ಹನ್ನೆರಡು ಮುಚ್ಚಳ ಕಿತ್ತ ಮೇಲೆ ತಮ್ಮ ತಂತಿಯ ಚಿಮಟವನ್ನು ಮೆಲ್ಲಗೆ ಕೆಳಗಿಟ್ಟ. ಹನ್ನೆರಡೂ ಬಿಳಿ. ಚೀಟಿಯಲ್ಲಿ ಮಾತ್ರ ಅಣ್ಣನ ದುಂಡಗಿನ ಅಕ್ಷರ: "ನೀಲಿ ಸ್ವಿಚ್. ಎಲ್ಲವೂ ಮೂಲದವು."

ಹಳೆಯ ಕೀಬೋರ್ಡುಗಳ ಗುರುತು ಹಿಡಿಯುವುದೇ ಈ ಅಂಗಡಿಯ ಕಸುಬು. ಯಾವ ಕಾಲದ್ದು, ಒಳಗೆ ಯಾವ ಬಗೆಯ ಸ್ವಿಚ್ಚು, ರಿಪೇರಿಯಾಗಿದೆಯೋ ಇಲ್ಲವೋ ನೋಡಿ ಒಂದು ಚೀಟಿ ಬರೆದು ಕೊಡುತ್ತಾರೆ. ಈ ಮಾದರಿಯಲ್ಲಿ ತುಂಡಿನ ಬಣ್ಣವೇ ಗುರುತು. ಕಪ್ಪಿದ್ದರೆ ಸದ್ದಿಲ್ಲ, ಬೆರಳಿಗೊಂದು ಸಣ್ಣ ಎಡವು ಅಷ್ಟೆ. ಬಿಳಿ ಕ್ಲಿಕ್ ಅನ್ನುತ್ತದೆ, ಗಲ್ಲಿಗೆ ನಾಲ್ಕು ಸಿಗುತ್ತವೆ. ನೀಲಿ ಅದಕ್ಕೂ ಹಳೆಯದು. ಅದರ ಕ್ಲಿಕ್ ಚಿಟಿಕೆ ಹೊಡೆದಷ್ಟು ಸ್ವಚ್ಛ. ಸಿಗುವುದು ಅಪರೂಪ. ಬಿಳಿಯನ್ನು ನೀಲಿ ಎಂದವನನ್ನು ಈ ಕಸುಬಿನಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ.

"ಟ್ಯೂಬ್‌ಲೈಟಲ್ಲಿ ಹಾಗೆ ಕಂಡಿರುತ್ತೆ ಬಿಡು" ಎಂದ ತಮ್ಮ, ಮೆತ್ತಗೆ. "ಕನ್ನಡಕ ಬೇರೆ ಹೊಸದು. ಯಾರಿಗಾದ್ರೂ ಆಗುತ್ತೆ."

ಆ ಮೆತ್ತಗಿನ ಮಾತೇ ಅಣ್ಣನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮುಚ್ಚುಮರೆ ಯಾಕೆ? ಅಣ್ಣನಿಗೆ ತಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಇಪ್ಪತ್ತು ವರ್ಷದ್ದು. ಕಸುಬು ಕಲಿಸಿದವನು ಅಣ್ಣ. ಹೆಸರು ಮಾಡಿದವನು ತಮ್ಮ. ಕಣ್ಣು ಮುಚ್ಚಿ ನಾಲ್ಕು ಕೀ ಒತ್ತಿ ಸ್ವಿಚ್ಚಿನ ಬಗೆ ಹೇಳುವುದರಲ್ಲಿ ತಮ್ಮ ಎತ್ತಿದ ಕೈ. ಗಿರಾಕಿಗಳು ಬಾಗಿಲಲ್ಲೇ "ಚಿಕ್ಕವರಿಲ್ವಾ?" ಅನ್ನುತ್ತಿದ್ದರು. ದೊಡ್ಡವರು ಎದುರಿಗೇ ಕಂಬದ ಹಾಗೆ ನಿಂತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಅಣ್ಣನ ಪಾಲಿಗೆ ಉಳಿದದ್ದು ಬೆಸುಗೆ ಹಾಕುವುದು, ಮುಚ್ಚಳ ತೊಳೆಯುವುದು, ತಮ್ಮ ಮುಟ್ಟದ ಸ್ಪೇಸ್ ಬಾರ್ ಕೀಳುವುದು, ಇಂಥವೇ. ಊಟಕ್ಕೆ ಕೂತಾಗ ಹೆಂಡತಿ ಮೈದುನನನ್ನು ಹೊಗಳಿದರೂ ಅವನಿಗೆ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು.

ಹೀಗಿರುವಾಗ ಶನಿವಾರ ಈ ಹೆಂಗಸು ಬಂದಳು. ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಪ್ರೂಫ್ ತಿದ್ದಿ ನಿವೃತ್ತಿಯಾದವಳು. ಬೀದಿಯವರೆಲ್ಲ ಪ್ರೂಫಮ್ಮ ಅನ್ನುತ್ತಾರೆ. ಅವಳೆದುರು ಅಂಗಡಿಯವರು ಬೋರ್ಡು ಬರೆಸಲೂ ಹೆದರುತ್ತಾರೆ. ಅಲ್ಲಿ ಬಳಸುತ್ತಿದ್ದ ತನ್ನ ಕೀಬೋರ್ಡನ್ನು ತಾಂತ್ರಿಕ ಕಾಲೇಜಿನ ಪ್ರದರ್ಶನಕ್ಕೆ ಕೊಡಬೇಕಿತ್ತು. ಚೀಟಿಯನ್ನೂ ಅದರ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಬರೆದವರ ಹೆಸರಿನ ಸಮೇತ.

ತಮ್ಮ ಯಾರದೋ ಫೋನಿನಲ್ಲಿದ್ದ. ಅಣ್ಣ ಸುಮ್ಮನೆ ಕೀಬೋರ್ಡನ್ನು ಎಳೆದುಕೊಂಡು ಕಿವಿ ಹತ್ತಿರ ತಂದು ಒತ್ತಿ ನೋಡಿದ್ದ. ಆಮೇಲೆ ಸ್ಪೇಸ್ ಬಾರಿನ ಮೇಲೆ ಹೆಬ್ಬೆರಳು ಆಡಿಸಿ ಹೇಳಿದ್ದ: "ನೀವು ಎಡ ಹೆಬ್ಬೆರಳಲ್ಲೇ ಒತ್ತೋದು. ಇಲ್ಲಿ ಸವೆದಿದೆ. ಅಳಿಸೋ ಕೀನಂತೂ ನೀವು ಮುಟ್ಟೇ ಇಲ್ಲ, ಹೊಸದರ ಹಾಗಿದೆ. ಒಂದು ಸಲಕ್ಕೇ ಸರಿಯಾಗಿ ಬರೀತಿದ್ರಿ." ಪ್ರೂಫಮ್ಮನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಮೂವತ್ತೊಂದು ವರ್ಷದಲ್ಲಿ ಅವಳಿಗೆ ಅದನ್ನು ಹೇಳಿದವರೇ ಇರಲಿಲ್ಲ. ತಮ್ಮ ಫೋನಿಟ್ಟು ಬಂದಾಗ ಅವಳು, "ಚೀಟಿ ದೊಡ್ಡವರೇ ಬರೀಲಿ" ಎಂದಿದ್ದಳು.

ಅಣ್ಣನ ಬದುಕಿನ ಮೊದಲ ಚೀಟಿ ಅದು. ಬರೆಯುವ ಮುಂಚೆ ಆರು ಮುಚ್ಚಳ ಕಿತ್ತು ನೋಡಿದ್ದ. ಆರೂ ನೀಲಿ. ಆಣೆ ಮಾಡಿ ಹೇಳಬಲ್ಲ. ಅಥವಾ, ಬಲ್ಲೆ ಎಂದುಕೊಂಡಿದ್ದ.

ಒಬ್ಬ ಬರೆದದ್ದನ್ನು ಕೊಡುವ ಮುಂಚೆ ಇನ್ನೊಬ್ಬ ನೋಡಬೇಕು, ಇದು ಅಪ್ಪನ ಕಾಲದಿಂದ ಬಂದ ನಿಯಮ. ಇವತ್ತು ತಮ್ಮ ನೋಡಿದ. ಕತೆ ಮುಗಿಯಿತು.

"ಚೀಟಿ ಹರಿದುಬಿಡಿ ಅಮ್ಮ" ಎಂದ ಅಣ್ಣ. ದನಿ ಅವನದೇ ಅನ್ನಿಸಲಿಲ್ಲ. "ತಪ್ಪು ನಂದೇ. ಇನ್ನು ಮೇಲೆ ನಾನು ತೊಳೆಯೋ ಕೆಲಸ ಮಾತ್ರ ನೋಡ್ಕೋತೀನಿ."

ಪ್ರೂಫಮ್ಮ ಹರಿಯಲಿಲ್ಲ. ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು.

"ತಪ್ಪು ಯಾರದು ಅಂತ ಗೊತ್ತಾಗೋ ಮುಂಚೆ ನಾನು ಯಾವುದನ್ನೂ ಹರಿಯಲ್ಲ" ಎಂದಳು. "ನನ್ನ ಕೀಬೋರ್ಡು ಎರಡು ದಿನ ಎಲ್ಲಿತ್ತು?"

ಕೇಳಲು ಶುರುವಿಟ್ಟುಕೊಂಡರೆ ಅವಳು ಬಿಡುವವಳಲ್ಲ. ಕೀಬೋರ್ಡು ಗೋಡೆಯ ಬೀರುವಿನಲ್ಲಿತ್ತು. ಬೀರುವಿಗೆ ಬೀಗವಿಲ್ಲ. ಅಂಗಡಿಯ ಬೀಗದ ಕೈ ಎರಡು, ಅಣ್ಣನ ಹತ್ತಿರ ಒಂದು, ತಮ್ಮನ ಹತ್ತಿರ ಒಂದು. ಭಾನುವಾರ ರಜೆ, ಅಣ್ಣ ಹೆಂಡತಿಯ ಜೊತೆ ಅವಳ ಅಕ್ಕನ ಮನೆಗೆ ಹೋಗಿ ಸಂಜೆ ಬಂದ. ತಮ್ಮ, ಮನೆಯಲ್ಲೇ ಮಲಗಿದ್ದೆ ಎಂದ. ಹೊರಗಿನವರು ಯಾರಾದರೂ ಬಂದಿದ್ದರೇ?

"ಹದ್ದು ಬಂದಿದ್ದ" ಎಂದ ಅಣ್ಣ.

ಹದ್ದು ಎಂದರೆ ಹಳೇ ಸಾಮಾನಿನ ದಲ್ಲಾಳಿ. ಎಲ್ಲಿ ಅಪರೂಪದ ಮಾಲು ಬಂದರೂ ಮೂಗು ತೂರಿಸಿಕೊಂಡು ಇಳಿಯುತ್ತಾನೆ, ಅದಕ್ಕೇ ಆ ಹೆಸರು. ಶನಿವಾರ ಸಂಜೆ ಅಣ್ಣ ಹಿಂದಿನ ಕೋಣೆಯಲ್ಲಿ ಮುಚ್ಚಳ ತೊಳೆಯುವಾಗ ಅವನೊಬ್ಬನೇ ಅರ್ಧ ಗಂಟೆ ಮೇಜಿನ ಹತ್ತಿರ ಕೂತಿದ್ದ.

"ಅವನೇ ಇರಬೇಕು" ಎಂದ ತಮ್ಮ ತಟ್ಟನೆ. "ನೀಲಿ ಅಂದ್ರೆ ಪ್ರಾಣ ಬಿಡ್ತಾನೆ."

ಪ್ರೂಫಮ್ಮ ತಮ್ಮನ ಕಡೆ ತಿರುಗಿದಳು. "ಈಗಷ್ಟೇ ಕನ್ನಡಕದ ತಪ್ಪು ಅಂದ್ರಲ್ಲಪ್ಪ?"

"ಒಂದು ಮಾತಿಗೆ ಹೇಳಿದೆ."

"ಹಾಗೆ ಒಳಗಿನ ತುಂಡು ಬದಲಾಯಿಸೋಕೆ ಆಗುತ್ತಾ? ಬೆಸುಗೆ ಬಿಚ್ಚಬೇಡವಾ?"

ಬೇಡ ಎಂದು ಅಣ್ಣ ವಿವರಿಸಿದ. ಸ್ವಿಚ್ಚಿನ ಮೇಲ್ಭಾಗದಲ್ಲಿ ಎರಡು ಸಣ್ಣ ಕಚ್ಚುಗಳಿವೆ. ತೆಳು ತಗಡು ತೂರಿಸಿ ಮೀಟಿದರೆ ತಲೆ ಬಿಚ್ಚಿಕೊಳ್ಳುತ್ತದೆ. ತುಂಡು, ಸ್ಪ್ರಿಂಗು, ಸದ್ದು ಮಾಡುವ ತಗಡಿನ ಎಲೆ, ಎಲ್ಲವನ್ನೂ ಬದಲಾಯಿಸಬಹುದು. ಪಳಗಿದ ಕೈಗೂ ಎಂಬತ್ತನಾಲ್ಕು ಕೀಗೆ ನಾಲ್ಕೈದು ಗಂಟೆ ಬೇಕು. ಒರಟು ಕೈಯಾದರೆ ಕಚ್ಚಿನ ಹತ್ತಿರ ಗೀರು ಬೀಳುತ್ತದೆ.

"ಇಲ್ಲಿ ಗೀರು ಇದೆಯಾ?"

"ಒಂದೂ ಇಲ್ಲ. ಅದಕ್ಕೇ ಹೇಳ್ತಿರೋದು, ಯಾರೂ ಬದಲಾಯಿಸಿಲ್ಲ, ನನ್ನ ಕಣ್ಣೇ ಕೆಟ್ಟಿದೆ ಅಂತ."

ಅಂದರೆ ಅರ್ಧ ಗಂಟೆ ಕೂತ ಹದ್ದು ಅನುಮಾನದ ಪಟ್ಟಿಯಿಂದ ಹಾರಿಹೋದ. ಪ್ರೂಫಮ್ಮ ಕಿತ್ತ ಮುಚ್ಚಳಗಳನ್ನು ಕೂರಿಸಲು ಹೇಳಿ, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಕಣ್ಣು ಮುಚ್ಚಿ ಟೈಪ್ ಮಾಡತೊಡಗಿದಳು. ಕೀಬೋರ್ಡು ಯಾವುದಕ್ಕೂ ಜೋಡಿಸಿರಲಿಲ್ಲ. ಅಕ್ಷರ ಎಲ್ಲೂ ಮೂಡಲಿಲ್ಲ, ಬರೀ ಸದ್ದು. ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಹೊಡೆದಳು, ಈ ಸಲ ನಿಧಾನವಾಗಿ. ನಾಲ್ಕು ಅಕ್ಷರ, ಒಂದು ಸ್ಪೇಸ್. ಐದು ಅಕ್ಷರ, ಒಂದು ಸ್ಪೇಸ್.

"ದೊಡ್ಡವರೇ, ನಿಮಗೇನಾದ್ರೂ ಕೇಳಿಸ್ತಾ?"

ಅಣ್ಣನ ಕಿವಿ ನೆಟ್ಟಗಾಯಿತು. ಅಕ್ಷರಗಳ ಸದ್ದು ಕೊಂಚ ಮಂದ, ಬಿಳಿಯದು. ಪದ ಮುಗಿದಾಗ ಮಾತ್ರ — ಚಿಟಿಕೆ! ಮತ್ತೆ ಮಂದ, ಮತ್ತೆ ಚಿಟಿಕೆ!

"ಸ್ಪೇಸ್ ಬಾರು..." ಎಂದ.

"ಹೂಂ. ಅಕ್ಷರಗಳೆಲ್ಲ ಬೇರೆ ಯಾರದೋ. ನಡುವಿನ ಜಾಗ ಮಾತ್ರ ನಂದು." ಅವಳು ಕಣ್ಣು ತೆರೆದಳು. "ಸ್ವಿಚ್ಚಿನ ಬಗೆ ನಂಗೆ ಗೊತ್ತಿಲ್ಲ. ಆದ್ರೆ ಈ ಸದ್ದು ನನ್ನ ಹೆಬ್ಬೆರಳಿಗೆ ಗೊತ್ತು. ಯಾರೋ ಎಂಬತ್ತಮೂರು ಕೀ ಬದಲಾಯಿಸಿದ್ದಾರೆ. ಒಂದನ್ನ ಬಿಟ್ಟಿದ್ದಾರೆ. ಯಾಕೆ ಬಿಟ್ರು? ಹದ್ದು ಬಿಡ್ತಿದ್ನಾ?"

"ಇಲ್ಲ. ಅವನು ಬಂದೋನೇ ಮೊದಲು ಅದನ್ನೇ ಕಿತ್ತು ನೋಡ್ತಾನೆ. ಹೆಚ್ಚು ಏಟು ತಿನ್ನೋದು ಅದೇ ಅಲ್ವಾ."

"ಈ ಅಂಗಡೀಲಿ ಸ್ಪೇಸ್ ಬಾರ್ ಯಾರು ಕೀಳೋದು?"

"ನಾನು" ಎಂದ ಅಣ್ಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡೆನೇ?

"ಯಾವಾಗಲೂ ನೀವೇನಾ?"

"ಯಾವಾಗಲೂ. ಅದರ ಅಡಿಯಲ್ಲಿ ಒಂದು ತಂತಿ ಇರುತ್ತೆ, ಎರಡು ಪ್ಲಾಸ್ಟಿಕ್ ಕೊಕ್ಕೆಗೆ ಸಿಕ್ಕಿಸಿರ್ತಾರೆ. ಹಳೇ ಕೊಕ್ಕೆ, ಸುಮ್ನೆ ಎಳೆದ್ರೆ ಮುರಿದೇ ಹೋಗುತ್ತೆ. ಇವನು ಹದಿಮೂರು ವರ್ಷದೋನಿದ್ದಾಗ ಒಂದು ಮುರಿದ. ಅಪ್ಪ ಗಿರಾಕಿಗಳ ಎದುರಿಗೇ ಕಪಾಳಕ್ಕೆ ಹೊಡೆದ್ರು. ಅವತ್ತಿಂದ ಇವನು ಅದನ್ನ ಮುಟ್ಟಲ್ಲ. ಎಲ್ಲಾ ಕಿತ್ತು, ಉದ್ದದ್ದು ನೀನೇ ತೆಗಿ ಅಣ್ಣಾ ಅಂತ ನನ್ನ ಕಡೆ..."

ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ಚಿಮಟವನ್ನು ಎತ್ತಿಕೊಂಡು ಸುಮ್ಮನೆ ಬಟ್ಟೆಯಲ್ಲಿ ಒರೆಸುತ್ತಿದ್ದ.

"ಬದಲಾಯಿಸಿದೋರು ನೀವಾಗಿದ್ರೆ ಉದ್ದದ್ದೂ ಬಿಳಿಯಾಗಿರ್ತಿತ್ತು" ಎಂದಳು ಪ್ರೂಫಮ್ಮ. "ಹದ್ದಿಗೆ ಹೊತ್ತೂ ಇರಲಿಲ್ಲ, ಕೈಯೂ ಇಲ್ಲ. ಒಂದು ಗೀರೂ ಬೀಳದ ಹಾಗೆ ಎಂಬತ್ತಮೂರು ಸ್ವಿಚ್ ಬಿಚ್ಚೋ ನಯವಾದ ಕೈ ಯಾರದು? ಭಾನುವಾರ ಇಡೀ ದಿನ ಬಿಡುವು ಯಾರಿಗಿತ್ತು? ಅಷ್ಟೆಲ್ಲಾ ಮಾಡಿಯೂ ಒಂದೇ ಒಂದು ಕೀ ಮುಟ್ಟೋಕೆ ಯಾರ ಕೈ ಹೆದರುತ್ತೆ? ಬೆಳಗ್ಗೆ ನಮ್ಮೆದುರು ಹನ್ನೆರಡು ಮುಚ್ಚಳ ಕಿತ್ತಾಗಲೂ ಚಿಕ್ಕವರು ಅದರ ಸುದ್ದಿಗೆ ಹೋಗಲಿಲ್ಲ. ಇನ್ನೂ ಹೆಸರು ಹೇಳಬೇಕಾ?"

"ಬರೀ ಸದ್ದು ಕೇಳಿ ಹೇಳಿಬಿಟ್ರೆ ಆಯ್ತಾ?" ಎಂದ ತಮ್ಮ.

"ಹಾಗಾದ್ರೆ ತೆಗೆದು ನೋಡೋಣ."

ಅಭ್ಯಾಸಬಲ, ಅಣ್ಣನ ಕೈ ತಾನಾಗಿ ಸ್ಪೇಸ್ ಬಾರಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಅವನು ಕೀಬೋರ್ಡನ್ನು ಮೆಲ್ಲಗೆ ತಮ್ಮನ ಮುಂದಕ್ಕೆ ತಳ್ಳಿದ.

"ಉದ್ದದ್ದು ಇವತ್ತು ನೀನೇ ತೆಗಿ."

ತಮ್ಮ ಅವನ ಮುಖ ನೋಡಿದ. ನಲವತ್ತಾರು ವರ್ಷದ ತಮ್ಮನ ಮುಖ ಕಪಾಳಕ್ಕೆ ಹೊಡೆಸಿಕೊಂಡ ದಿನದ್ದೇ ಆಗಿತ್ತು. ಒಂದು ಬದಿ ಎತ್ತಿದ, ತಂತಿಯನ್ನು ಪಕ್ಕಕ್ಕೆ ಸರಿಸಿದ, ಇನ್ನೊಂದು ಬದಿ ಎತ್ತಿದ. ಕೊಕ್ಕೆ ಮುರಿಯಲಿಲ್ಲ. ಅಡಿಯಲ್ಲಿ ನೀಲಿ ತುಂಡು ಕೂತಿತ್ತು.

ತಮ್ಮ ಎದ್ದು ತನ್ನ ಚೀಲದಿಂದ ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಳಗೇನಿದೆ ಎಂದು ತೆಗೆದು ನೋಡುವ ಅಗತ್ಯವೇ ಇರಲಿಲ್ಲ.

"ಎಸೆಯೋಕೆ ಮನಸ್ಸು ಬರಲಿಲ್ಲ" ಎಂದ.

"ಮಾರೋಕಾ?" ಎಂದ ಅಣ್ಣ.

"ಥೂ. ಮಾರೋಕಲ್ಲ." ಅವನು ಕುರ್ಚಿಯಲ್ಲಿ ಕುಸಿದು ಕೂತ. "ಇಪ್ಪತ್ತು ವರ್ಷ ಚೀಟಿ ಬರೆದೆ ಅಣ್ಣ. ಭೇಷ್ ಅಂದ್ರು, ಚಪ್ಪಾಳೆ ತಟ್ಟಿದ್ರು, ಹೋದ್ರು. ನನ್ನೆದುರು ಕೂತು ಒಬ್ಬರ ಕಣ್ಣಲ್ಲೂ ನೀರು ಬರಲಿಲ್ಲ. ನಾನು ಕೇಳೋದು ಸ್ವಿಚ್ಚನ್ನ. ನೀನು ಅದನ್ನ ಒತ್ತಿದೋರನ್ನ ಕೇಳಿಬಿಟ್ಟೆ, ಅದೂ ಮೊದಲನೇ ಸಲಕ್ಕೇ. ಶನಿವಾರ ರಾತ್ರಿ ಊಟ ಸೇರಲಿಲ್ಲ ನಂಗೆ. ಹೊಟ್ಟೆ ಉರಿದುಹೋಯ್ತು."

ಬೈಯಬೇಕೆಂದು ಅಣ್ಣ ಬಾಯಿ ತೆರೆದ. ಬೈಗುಳ ಬರಲಿಲ್ಲ. ಬದಲಿಗೆ ಎದೆಯೊಳಗೆ ಏನೋ ತಣ್ಣಗೆ ಇಳಿಯುತ್ತಿತ್ತು, ನಾಚಿಕೆಯಾಗುವಷ್ಟು ಹಿತವಾಗಿ. ತನ್ನ ಮೇಲೆ ಹೊಟ್ಟೆಕಿಚ್ಚೇ? ಅದೂ ಇವನಿಗೆ?

"ಒಂದು ಮಾತು ಕೇಳ್ತೀನಿ ದೊಡ್ಡವರೇ" ಎಂದಳು ಪ್ರೂಫಮ್ಮ. "ಉದ್ದದ ಕೀ ವಿಷಯ ನನಗಿಂತ ಚೆನ್ನಾಗಿ ನಿಮಗೇ ಗೊತ್ತಿತ್ತು. ಗೀರು ಇಲ್ಲದ್ದನ್ನೂ ನೋಡಿದ್ರಿ. ಆದ್ರೂ ತಮ್ಮನ ಮೇಲೆ ಅನುಮಾನ ಬರಲೇ ಇಲ್ವಲ್ಲ, ಯಾಕೆ?"

ಅಣ್ಣ ತಗಡಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

"ಇವನು ಕದಿಯೋ ಅಂಥದ್ದು ನನ್ನ ಹತ್ತಿರ ಏನಿದೆ ಅಂದ್ಕೊಂಡಿದ್ದೆ" ಎಂದ.

ಪ್ರೂಫಮ್ಮ ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು ಮಡಿಕೆ ಬಿಚ್ಚಿ ಮೇಜಿನ ಮೇಲೆ ಸವರಿದಳು. ಬುಧವಾರ ಬೆಳಗ್ಗೆ ಕಾಲೇಜಿನವರು ಬರುತ್ತಾರೆ, ಅಷ್ಟರಲ್ಲಿ ತನ್ನ ಕೀಬೋರ್ಡು ತನ್ನದಾಗಿರಬೇಕು ಎಂದಳು. ಈ ಮಾತು ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದೂ ಹೇಳಿ ಛತ್ರಿ ಎತ್ತಿಕೊಂಡು ಹೊರಟುಹೋದಳು.

ಅಣ್ಣ ತಮ್ಮ ಇಬ್ಬರೂ ಸಂಜೆಯವರೆಗೆ ಕೂತು ಎಂಬತ್ತಮೂರು ನೀಲಿ ತುಂಡುಗಳನ್ನು ವಾಪಸು ಕೂರಿಸಿದರು. ಅಣ್ಣನ ಕೋಪ ಇಳಿದಿತ್ತು ಎಂದರೆ ಸುಳ್ಳು. ನಡುವೆ ಎರಡು ಸಲ ಎದ್ದುಹೋಗಿ ಹಿಂದಿನ ಕೋಣೆಯಲ್ಲಿ ಒಬ್ಬನೇ ನಿಂತು ಬಂದ. ಕೊನೆಗೆ ಚೀಟಿಯನ್ನು ತಮ್ಮನ ಮುಂದಿಟ್ಟ. ಕೆಳಗೆ "ನೋಡಿದವರು" ಎಂಬಲ್ಲಿ ಖಾಲಿ ಇತ್ತು. ತಮ್ಮ ಕೀಬೋರ್ಡಿನ ಒಂದೊಂದು ಕೀಯನ್ನೂ ಒತ್ತಿ ಕೇಳಿ ಸಹಿ ಹಾಕಿದ, ಸಣ್ಣ ಅಕ್ಷರದಲ್ಲಿ, ಅಣ್ಣನ ಹೆಸರಿನ ಕೆಳಗೆ.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, ಮೈದುನ ಯಾಕೋ ಬಾಡಿದ್ದಾನಲ್ಲ, ಅಂಗಡಿಯಲ್ಲಿ ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದ ಅಣ್ಣ. ಆಮೇಲೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಅವನ ಕೈ ಎಷ್ಟು ನಯ ಗೊತ್ತಾ? ಒಂದು ಗೀರು ಬೀಳಿಸಲ್ಲ" ಎಂದು ತಾನಾಗಿ ತಮ್ಮನನ್ನು ಹೊಗಳಿದ. ಹೊಗಳಿ, ಇನ್ನೊಂದು ಸಲ ಬಡಿಸಿಕೊಂಡ.