ವಿಭೂತಿ ಹಚ್ಚಿದ ರಾತ್ರಿ ಪಾಳಿ

“ಯಾರೂ ಒಳಗ ಬರಬ್ಯಾಡ್ರಿ!”

ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದವನು ಯಾರೆಂದು ಗಂಗಾಂಬಿಕಾಗೆ ಗೊತ್ತಿರಲಿಲ್ಲ. ತಿರುಗಿ ನೋಡುವ ಹಾಗೂ ಇರಲಿಲ್ಲ...

ಎದುರಿಗೆ, ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಫೋನಿನಲ್ಲಿ ಅವಳ ಬಿ.ಎ. ಪರೀಕ್ಷೆ ನಡೆದಿತ್ತು. ಆನ್‌ಲೈನ್, ಓಪನ್ ಬುಕ್. ಪುಸ್ತಕ ಎಷ್ಟು ಬೇಕಾದರೂ ತೆರೆದಿಡಬಹುದು. ಆದರೆ ಕ್ಯಾಮೆರಾದ ಚೌಕಟ್ಟಿನಲ್ಲಿ ಇನ್ನೊಂದು ಮುಖ ಕಂಡರೆ ಪರೀಕ್ಷೆಯೇ ರದ್ದು!

ಒಂದು ನಿಮಿಷದ ಹಿಂದಷ್ಟೇ ಕಡ್ಡಿರಾಂಪುರದ ಆ ಸಣ್ಣ ಖಾನಾವಳಿಯ ಮುಂದೆ ಬಸ್ಸೊಂದು ನಿಂತಿತ್ತು. ದೋಣಿಮಲೈ ಗಣಿ ಕ್ವಾರ್ಟರ್ಸಿನ ಮಂದಿ, ಭಾನುವಾರ ಹಂಪಿ ನೋಡಲು ಹೊರಟವರು. ಮೊದಲು ಒಳಗೆ ಕಾಲಿಟ್ಟವನು ಡ್ರೈವರ್. ಬಾಯಿ ತೆರೆಯಲಾರದ ಗಂಗಾ ಮೇಜಿನ ಕೆಳಗಿನಿಂದಲೇ ಕೈ ಬೀಸಿದ್ದಳು. ಅವನು ಫೋನು ನೋಡಿದ, ತೆರೆದ ಪುಸ್ತಕ ನೋಡಿದ, ಪರದೆಯಲ್ಲಿ ಅವಳ ಗಾಬರಿಗಣ್ಣು ನೋಡಿದ. ಅಷ್ಟೇ! ಹಿಂದಕ್ಕೆ ಹಾರಿ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

“ಲೇ ತಮ್ಮಾ, ನಲವತ್ತು ಗಿರಾಕಿ ಹೊರಗ ನಿಲ್ಲಸ್ತೀಯಲ್ಲೋ! ನನ್ನ ಖಾನಾವಳಿಗೆ ನೀ ಯಾವ ಪೊಲೀಸು?” ಒಲೆಯ ಮುಂದಿನಿಂದ ಗದರಿದವಳು ಗಂಗಾಳ ಅಜ್ಜಿ ಮುದುಕಮ್ಮ.

“ಅಜ್ಜೀ, ಎಲ್ಲಾರ್ನೂ ಬೇವಿನ ಗಿಡದ ಬುಡಕ ಕುಂದ್ರಸ್ತೀನಿ. ನಾನ ಬಡಸ್ತೀನಿ. ನೀವು ಮಿರ್ಚಿ ಹಾಕ್ತಾ ಇರ್ರಿ, ಸಾಕು.”

ಸಬ್ಮಿಟ್ ಒತ್ತಿ ಗಂಗಾ ಹೊರಗೆ ಬಂದಾಗ ಅವನು ಹೆಗಲಿಗೆ ಟವೆಲ್ ಹಾಕಿಕೊಂಡು ಕೊನೆಯ ತಟ್ಟೆ ಎತ್ತುತ್ತಿದ್ದ.

“ನಿಮ್ಮ ಮುಖ ಫ್ರೇಮಿನಾಗ ಬಂದಿದ್ರ ನನ್ನ ಮೂರು ವರ್ಷ ನೀರಾಗ ಹೋಗ್ತಿತ್ತು!”

“ಅರ್ಧ ಕಿವಿ ಬಂದಿರಬಹುದ್ರಿ... ಕಿವಿಗೆ ಡಿಬಾರ್ ಮಾಡಂಗಿಲ್ಲ ಅನ್ಕೊಂತೀನಿ.”

ನಗು ಬಂತು. ನುಂಗಿಕೊಂಡಳು.

“ನಾನು ಕನಕರಾಜ್ ಅಂತ. ನಂದೂ ಇದ ಕೋರ್ಸ್ ರೀ. ನನ್ನ ಬ್ಯಾಚ್ ನಾಳೆ.”

“ಪ್ರಶ್ನೆ ಏನು ಬಂದಿತ್ತು ಅಂತ ಕೇಳಿದ್ರ ಹೇಳಂಗಿಲ್ಲ!”

“ಕೇಳಂಗಿಲ್ರಿ. ಒಂದು ಮಿರ್ಚಿ ಉಳದೈತೇನು ಅಂತ ಕೇಳಾಕ ನಿಂತೀನಿ.”

ಈ ಸಲ ನಗು ನುಂಗಲು ಆಗಲಿಲ್ಲ...

ಹಾಗೆ ಶುರುವಾಯಿತು ಅವರ ಓದು. ಅವನು ಗಣಿಯ ಸ್ಟಾಫ್ ಬಸ್ಸು ಓಡಿಸುವವನು, ಕೂತು ಓದಲು ಹೊತ್ತಿಲ್ಲ. ಅವಳಿಗೆ ಬೆಳಗಾದರೆ ರೊಟ್ಟಿ, ಮಧ್ಯಾಹ್ನ ಗಿರಾಕಿ. ಅದಕ್ಕೇ ಅವಳು ರೊಟ್ಟಿ ಬಡಿಯುತ್ತಲೇ ಪಾಠ ಹೇಳಿ ವಾಯ್ಸ್ ನೋಟ್ ಕಳಿಸುತ್ತಿದ್ದಳು. ಪ್ರತಿ ಪಾಠದ ಕೊನೆಗೂ ಅದೇ ಮಾತು: “ತಿಳೀತೇನು? ಇಲ್ಲಾಂದ್ರ ಮತ್ತೊಮ್ಮೆ ಕೇಳ್ರಿ.” ಅವನು ತನ್ನ ಕಡೆಯ ಕತೆಗಳನ್ನು ಕಳಿಸುತ್ತಿದ್ದ.

“ಪುಸ್ತಕ ನೋಡಿ ಬರಿಯಾಕ ಇಷ್ಟು ಯಾಕ ಒದ್ದಾಡ್ತೀಯವ್ವಾ? ಅದು ಯಾವ ಸೀಮಿ ಪರೀಕ್ಷಿ?” ಎಂದು ಮುದುಕಮ್ಮ ಕೆಣಕುತ್ತಿದ್ದಳು. ಊರಲ್ಲಿ ಎಲ್ಲರ ಮಾತೂ ಅದೇ ಆಗಿತ್ತು.

“ಅಡಗಿ ಪುಸ್ತಕ ಮುಂದ ಇಟ್ರ ಯಾರಿಗಾದ್ರೂ ನಿನ್ನಂಗ ಸಾರು ಮಾಡಾಕ ಬರ್ತದೇನು? ನಮ್ಮ ಪ್ರಶ್ನೆಗೆ ಉತ್ತರ ಪುಸ್ತಕದಾಗ ಇರಂಗಿಲ್ಲ ಅಜ್ಜಿ! ಪುಸ್ತಕ ಇಟ್ಕೊಂಡು ನಮ್ಮ ಊರು ನೋಡಬೇಕು.”

ಒಮ್ಮೆ ಕನಕರಾಜ್ ತನ್ನ ತಾಯಿ ರೇಣುಕಮ್ಮನ ವಿಷಯ ಹೇಳಿದ. ಆಕೆಗೆ ಓದಲು ಬಾರದು. ಗಂಡನ ಗಣಿ ಪಾಳಿ ನೆನಪಿಡಲು ಗೋಡೆಯ ಕ್ಯಾಲೆಂಡರಿನ ಮೇಲೆ ಬೊಟ್ಟು ಇಡುತ್ತಾಳೆ, ಪಾಳಿಗೊಂದು ಬಣ್ಣ. ಗಂಗಾ ಅದನ್ನೇ ಹಿಡಿದು ಒಂದು ಪಾಠ ಮಾಡಿದಳು:

“ಬೆಳಗಿನ ಪಾಳಿಗೆ ಕುಂಕುಮ, ಮಧ್ಯಾಹ್ನದ ಪಾಳಿಗೆ ಅರಿಶಿಣ, ರಾತ್ರಿ ಪಾಳಿಗೆ ವಿಭೂತಿ. ದೇವರ ಮನಿ ಬಣ್ಣ ಎಲ್ಲಾ ಕಂಪನಿ ಟೈಮ್ ಹೇಳ್ತಾವು ನೋಡ್ರಿ! ಆ ಮನಿಯಾಗ ಊಟದ ಹೊತ್ತು ಹೊಟ್ಟಿ ಹೇಳಂಗಿಲ್ಲ, ಪಾಳಿ ಹೇಳ್ತೈತಿ. ತಿಳೀತೇನು? ಇಲ್ಲಾಂದ್ರ ಮತ್ತೊಮ್ಮೆ ಕೇಳ್ರಿ.”

“ನಮ್ಮವ್ವನ್ನ ನೀವು ನನಗಿಂತ ಚೊಲೋ ತಿಳ್ಕೊಂಡೀರಿ...” ಎಂದು ಅವನು ಮರುಮಾತು ಕಳಿಸಿದ್ದ. ಗಂಗಾ ಅದನ್ನು ಎಷ್ಟು ಸಲ ಕೇಳಿಸಿಕೊಂಡಳೋ! ಯಾರಿಗೂ ಹೇಳಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಇಬ್ಬರಿಗೂ ಒಂದೇ ಬ್ಯಾಚ್ ಬಿತ್ತು. ಅವಳು ಖಾನಾವಳಿಯಲ್ಲಿ, ಅವನು ಕಂಪ್ಲಿಯ ಅಕ್ಕನ ಮನೆಯಲ್ಲಿ. ಪ್ರಶ್ನೆ ಬಂತು: ಕೆಲಸವು ಮನೆಯೊಂದರ ಸಮಯವನ್ನು ಹೇಗೆ ಆಳುತ್ತದೆ? ನೀವು ಬಲ್ಲ ಮನೆಯ ಉದಾಹರಣೆ ಕೊಟ್ಟು ಬರೆಯಿರಿ.

ಗಂಗಾಳ ಬೆರಳು ಓಡಿತು!

ಹದಿನೈದು ದಿನಕ್ಕೆ ವಿಶ್ವವಿದ್ಯಾಲಯದಿಂದ ಇ-ಮೇಲ್. ‘ನಿಮ್ಮ ಮತ್ತು ಇನ್ನೊಬ್ಬ ವಿದ್ಯಾರ್ಥಿಯ ಉತ್ತರದಲ್ಲಿ ಗಂಭೀರ ಹೋಲಿಕೆ ಕಂಡಿದೆ. ಫಲಿತಾಂಶ ತಡೆಹಿಡಿಯಲಾಗಿದೆ. ವಿವರಣೆ ಕೊಡಿ.’ ಜೊತೆಗೆ ಎರಡು ಉತ್ತರಗಳು. ಎರಡರಲ್ಲೂ ಒಂದೇ ಸಾಲಿನ ಕೆಳಗೆ ಕೆಂಪು ಗೆರೆ: ‘ರಾತ್ರಿ ಪಾಳಿಗೆ ವಿಭೂತಿ’.

ಕನಕರಾಜನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್...

ಮೂರನೆಯ ದಿನ ಇನ್ನೊಂದು ಇ-ಮೇಲ್. ‘ನಿಮ್ಮ ಟಿಪ್ಪಣಿಯನ್ನು ಕದ್ದು ನಕಲು ಮಾಡಿದ್ದಾಗಿ ಆ ವಿದ್ಯಾರ್ಥಿ ಒಪ್ಪಿಕೊಂಡಿದ್ದಾರೆ. ಅವರಿಗೆ ಎರಡು ವರ್ಷ ಪರೀಕ್ಷೆ ನಿಷೇಧ. ನಿಮ್ಮ ಫಲಿತಾಂಶ ಬಿಡುಗಡೆ ಆಗಿದೆ. ತೇರ್ಗಡೆ.’

ತೇರ್ಗಡೆ! ಮೂರು ವರ್ಷ ಕಾದ ಮಾತು. ಟೀಚರ್ ಟ್ರೇನಿಂಗ್ ಸೇರಲು ಅವಳಿಗೆ ಬೇಕಾಗಿದ್ದ ಮಾತು. ಆದರೆ ಅವಳು ಮೊದಲ ಸಾಲನ್ನೇ ಮತ್ತೆ ಓದಿದಳು.

‘ಕದ್ದನೇ? ಆರು ತಿಂಗಳು ನನ್ನ ದನಿ ಕೇಳಿದ್ದು ಬರೀ ಇದಕ್ಕೇನಾ?’

“ಪಾಸಾದೆಲ್ಲವ್ವಾ, ಸುಮ್ನ ಕುಂದ್ರು. ಕಳ್ಳಗ ಶಿಕ್ಷಾ ಆತು,” ಎಂದಳು ಮುದುಕಮ್ಮ.

“ಕುಂದ್ರಂಗಿಲ್ಲ! ಕದ್ದಿದ್ರ ಅದನ್ನ ನನ್ನ ಮುಖ ನೋಡಿ ಹೇಳಲಿ!”

ಮರುದಿನ ಹೊಸಪೇಟೆಗೆ ಹೋಗಿ ಸಂಡೂರಿನ ಬಸ್ಸು ಹತ್ತಿದಳು. ಸಂಡೂರಿನಿಂದ ದೋಣಿಮಲೈ. ಕ್ವಾರ್ಟರ್ಸಿನ ಗೇಟಿನ ಬಳಿ ಪಾಳಿ ಮುಗಿಸಿ ಬರುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದಳು.

“ಡ್ರೈವರ್ ಕನಕರಾಜ್ ಅವರ ಮನಿ ಎಲ್ಲೈತ್ರಿ?”

ಅವರು ಗಕ್ಕನೆ ನಿಂತರು. “ಇನ್ನೊಮ್ಮೆ ಮಾತಾಡ್ರಿ?”

“ಯಾಕ್ರಿ?”

“ನೀವ ಅಲ್ಲೇನ್ರಿ ಗಂಗಾ ಮೇಡಂ! ಆರು ತಿಂಗಳಿಂದ ನಮ್ಮ ಬಸ್ಸಿನಾಗ ನಿಮ್ದ ಪಾಠ. ಒಂದೊಂದು ಹತ್ತು ಸಲ ಹಾಕ್ತಾನ್ರಿ ಆ ಹುಡುಗ. ‘ತಿಳೀತೇನು? ಇಲ್ಲಾಂದ್ರ ಮತ್ತೊಮ್ಮೆ ಕೇಳ್ರಿ!’ ನಮಗೆಲ್ಲಾ ತಿಳೀತೋ ಮಾರಾಯಾ ಅಂದ್ರೂ ಬಂದ್ ಮಾಡಂಗಿಲ್ಲ!”

ಗಂಗಾಳ ಕಿವಿ ಬಿಸಿಯಾಯಿತು. ಕೋಪ ಅಲ್ಲೇ ಇತ್ತು, ಆದರೆ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಮನೆಯಲ್ಲಿ ರೇಣುಕಮ್ಮ ಒಬ್ಬಳೇ ಇದ್ದಳು. “ಬರ್ರಿ, ಕುಂದ್ರಿ” ಎಂದು ನೀರು ತರಲು ಒಳಹೋದಳು. ಗೋಡೆಯ ಮೇಲೆ ಅದೇ ಕ್ಯಾಲೆಂಡರ್! ಗಂಗಾ ಎದ್ದು ಹತ್ತಿರ ಹೋದಳು. ಕೆಂಪು ಬೊಟ್ಟು... ಹಳದಿ ಬೊಟ್ಟು... ಮತ್ತೆ ಕಪ್ಪು?

“ಇದೇನ್ರಿ ಅಮ್ಮಾ, ಕಪ್ಪು?”

“ಕಾಡಿಗಿ. ರಾತ್ರಿ ಪಾಳಿ ಅದು,” ಎಂದಳು ರೇಣುಕಮ್ಮ ಒಳಗಿನಿಂದಲೇ.

“ವಿಭೂತಿ ಅಲ್ಲೇನ್ರಿ?”

“ವಿಭೂತಿ ಯಾರು ಹಚ್ಚತಾರವ್ವಾ ಕ್ಯಾಲೆಂಡರಿಗೆ! ಫ್ಯಾನ್ ಹಾಕಿದ್ರ ಉದುರಿ ಹೊಕ್ಕೈತಿ.”

ಗಂಗಾ ಅಲ್ಲೇ ನಿಂತುಬಿಟ್ಟಳು. ಅವನು ಹೇಳಿದ್ದು ಕಾಡಿಗೆ. ವಿಭೂತಿ ಮಾಡಿದವಳು ತಾನು! ಚಿಕ್ಕಂದಿನಿಂದ ಮುದುಕಮ್ಮ ದಿನಾ ಮಲಗುವ ಮುಂಚೆ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಅವಳಿಗೆ ರಾತ್ರಿ ಎಂದರೆ ವಿಭೂತಿಯೇ. ಗೊತ್ತಿಲ್ಲದೆ ತನ್ನ ಮನೆಯ ರಾತ್ರಿಯನ್ನು ಅವನ ಮನೆಯ ಗೋಡೆಗೆ ಅಂಟಿಸಿದ್ದಳು.

ಸರಿ... ಆದರೆ ಈ ಗೋಡೆಯ ಕೆಳಗೇ ಬೆಳೆದವನು ವಿಭೂತಿ ಎಂದು ಯಾಕೆ ಬರೆದ? ಕದಿಯುವವನಾದರೂ ತನ್ನ ತಾಯಿಯ ಕಾಡಿಗೆಯನ್ನು ಮರೆಯುತ್ತಾನೆಯೇ? ಒಂದೊಂದು ಪಾಠ ಹತ್ತು ಸಲ ಕೇಳಿದವನು ಮರೆತಾನು.

“ನೀವು... ಇಲ್ಲಿ?”

ಬಾಗಿಲಲ್ಲಿ ಕನಕರಾಜ್. ಕೈಯಲ್ಲಿ ಬಸ್ಸಿನ ಕೀ.

“ನೀವು ಕದ್ದಿಲ್ಲ, ಅವ್ವನ ಕಾಡಿಗಿ ಮರ್ತು ನನ್ನ ವಿಭೂತಿ ಬರ್ದೀರಿ. ಕದ್ದೀನಿ ಅಂತ ಸುಳ್ಳು ಯಾಕ ಬರ್ದ್ರಿ?”

ಅವನು ತಲೆ ತಗ್ಗಿಸಿದ. “ಇಬ್ರೂ ಮುಳುಗೂದ್ಯಾಕ, ಒಬ್ಬರಾದ್ರೂ ದಡ ಸೇರ್ಲಿ ಅಂತ... ಡಿಗ್ರಿ ಇಲ್ದಿದ್ರೂ ನನ್ನ ಬಸ್ಸು ಓಡ್ತೈತ್ರಿ. ನೀವು ಟೀಚರ್ ಆಗೂರು. ಫೋನ್ ಎತ್ತಿದ್ರ ನೀವು ಬ್ಯಾಡ ಅಂತಿದ್ರಿ.”

“ಬ್ಯಾಡ ಅಂತಿದ್ದೆ! ಅದಕ್ಕ ಕೇಳಬೇಕಾಗಿತ್ತು!” ಗಂಗಾ ಒಂದು ಹೆಜ್ಜೆ ಮುಂದೆ ಬಂದಳು. “ಆರು ತಿಂಗಳು ನಾವು ಮಾತಾಡಿದ್ದಕ್ಕ ‘ಕಳ್ಳತನ’ ಅಂತ ಹೆಸರಿಟ್ಟು ಕಳಿಸೀರಿ. ನನ್ನ ಉಳಿಸಿದ್ರೋ, ಅದನ್ನ ಸಾಯಿಸಿದ್ರೋ?”

ಅವನು ಬಸ್ಸಿನ ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

“ಆ ಸುಳ್ಳು ವಾಪಸ್ ತಗೋರಿ. ವಿಚಾರಣೆ ಕೇಳೋಣ, ಇಬ್ರೂ ಕುಂದ್ರೋಣ.”

“ನಿಮ್ಮ ರಿಸಲ್ಟ್ ಮತ್ತ ನಿಂತು ಹೊಕ್ಕೈತಿ, ಗಂಗಾ...”

“ನಿಲ್ಲಲಿ! ನಾನ ಬರ್ದದ್ದಕ್ಕ ನಾನ ಪಾಸಾಗ್ತೀನಿ. ಯಾರ ಪುಣ್ಯದಾಗೂ ಬ್ಯಾಡ.”

ನೀರಿನ ಲೋಟ ಹಿಡಿದು ನಿಂತಿದ್ದ ರೇಣುಕಮ್ಮ ಮಗನ ತಲೆಗೆ ಮೆಲ್ಲಗೆ ಮೊಟಕಿದಳು. “ಲೇ ಕನಕಾ, ಕಾಡಿಗಿ ಮರ್ತವನ... ಆಕಿ ಹೇಳೂದು ಕೇಳು.”

ವಿಚಾರಣೆಯೂ ಆನ್‌ಲೈನ್. ಕನಕರಾಜ್ ಕಡ್ಡಿರಾಂಪುರಕ್ಕೇ ಬಂದ. ಅದೇ ಮೇಜು, ಅದೇ ಉಪ್ಪಿನಕಾಯಿ ಭರಣಿ. ಒಬ್ಬೊಬ್ಬರೇ ಉತ್ತರಿಸಬೇಕು, ಇನ್ನೊಬ್ಬರು ಹೊರಗೆ. ಪರದೆಯ ಮೇಲೆ ಪ್ರೊಫೆಸರ್ ಚಂದ್ರಕಲಾ.

“ಗಂಗಾಂಬಿಕಾ, ನೀವು ಪಾಸಾಗಿದ್ದಿರಿ. ಮತ್ತೆ ಈ ವಿಚಾರಣೆ ಯಾಕೆ ಬೇಕಿತ್ತು?”

“ಆ ಪಾಸು ಸುಳ್ಳಿನ ಮ್ಯಾಲ ನಿಂತೈತ್ರಿ ಮೇಡಂ. ಪರೀಕ್ಷಿ ಹೊತ್ತಿನಾಗ ನಾವು ಒಂದು ಮಾತೂ ಆಡಿಲ್ಲ. ಅದಕ್ಕಿಂತ ಮೊದ್ಲು ಆರು ತಿಂಗಳು ಆಡೀವಿ. ಓದಿದ್ದರ ಬಗ್ಗೆ ಮಾತಾಡೂದು ತಪ್ಪು ಅಂತ ಯಾವ ನಿಯಮದಾಗೈತಿ, ತೋರಸ್ರಿ. ಪುಸ್ತಕ ತೆರದ ಇಟ್ಟೀನಿ. ಹೊಸ ಪ್ರಶ್ನೆ ಕೇಳ್ರಿ!”

ಮೇಡಂ ಕನ್ನಡಕ ಸರಿಮಾಡಿಕೊಂಡರು. “ಸರಿ. ಅದೇ ಪ್ರಶ್ನೆ. ಬೇರೆ ಮನೆ.”

ಗಂಗಾ ಪುಸ್ತಕದ ಕಡೆ ನೋಡಲಿಲ್ಲ. ಒಲೆಯ ಕಡೆ ನೋಡಿದಳು.

“ನಮ್ಮ ಮನಿ ಮೇಡಂ. ಬಾಳಿಗೊನಿ ಕಡಿಯೂರಿಗೆ ಮುಂಜಾನೆ ಆರಕ್ಕ ತಿಂಡಿ, ಹಂಪಿಗೆ ಹೋಗೂರಿಗೆ ಒಂದಕ್ಕ ಊಟ. ಮಂದಿಗೆ ಉಣ್ಣೂ ಹೊತ್ತು ನಮ್ಮಜ್ಜಿಗೆ ಕೆಲಸದ ಹೊತ್ತು. ಮೂವತ್ತು ವರ್ಷ ಆತು, ಆಕಿ ನಾಕು ಗಂಟಿಗಿಂತ ಮೊದ್ಲು ಉಂಡಿದ್ದು ನಾ ನೋಡಿಲ್ಲ, ನಮ್ಮವ್ವನೂ ನೋಡಿಲ್ಲ. ಅನ್ನ ಆಕಿ ಕೈಯಾಗ ಐತಿ, ಹೊತ್ತು ಆಕಿ ಕೈಯಾಗಿಲ್ಲ.”

ಮುದುಕಮ್ಮನ ಕೈಯಲ್ಲಿ ಮಿರ್ಚಿ ಕರಿಯುವ ಸೌಟು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಹೊಗೆ ಎಂದು ಯಾರೂ ಕೇಳದೆಯೇ ಹೇಳಿದಳು.

ಆಮೇಲೆ ಕನಕರಾಜ್ ಒಳಗೆ ಹೋದ. ಈಗ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತವಳು ಗಂಗಾ! ಗಿರಾಕಿ ಯಾರೇ ಬಂದರೂ ಬೇವಿನ ಗಿಡ ತೋರಿಸಿದಳು. ಕಿವಿ ಮಾತ್ರ ಒಳಗೇ ಇತ್ತು.

ಬಸ್ಸಿನ ಹೊತ್ತು, ಹಳ್ಳಿಗಳ ಹೊತ್ತು... ಅವನು ಚೆನ್ನಾಗಿಯೇ ಹೇಳಿದ. ಆಮೇಲೆ ಮೇಡಂ ಕೇಳಿದರು:

“ನಿಮ್ಮ ತಾಯಿ ರಾತ್ರಿ ಪಾಳಿಗೆ ಏನು ಹಚ್ಚುತ್ತಾರೆ?”

“ಕಾಡಿಗಿ, ಮೇಡಂ.”

“ಹಾಗಾದರೆ ವಿಭೂತಿ ಅಂತ ಯಾಕೆ ಬರೆದಿರಿ? ನಿಮ್ಮದೇ ಮನೆ ಅಲ್ವಾ?”

ಗಂಗಾ ಬಾಗಿಲೊಳಕ್ಕೆ ಇನ್ನಷ್ಟು ವಾಲಿದಳು...

“ಇಪ್ಪತ್ತೆಂಟು ವರ್ಷ ನಾ ಕಣ್ಲೆ ನೋಡಿದ್ದು ಕಾಡಿಗಿ ಮೇಡಂ. ಆರು ತಿಂಗಳು ಕಿವಿಲೆ ಕೇಳಿದ್ದು ವಿಭೂತಿ. ಬರಿಯಾಕ ಕುಂತಾಗ ಪುಸ್ತಕ ಮುಂದ ಇತ್ತು, ನಮ್ಮ ಮನಿನೂ ನೆನಪಿತ್ತು. ಆದ್ರ ಆಕಿ ದನಿ ಎಲ್ಲಕ್ಕಿಂತ ಮೊದ್ಲು ಬಂತ್ರಿ. ಆಕಿ ಹೇಳಿದ್ದ ಖರೇ ಅನಿಸ್ತು. ಅದು ಕಾಪಿ ಆದ್ರ... ಶಿಕ್ಷಾ ಕೊಡ್ರಿ.”

ಮೇಡಂ ಏನನ್ನೋ ಬರೆದುಕೊಂಡರು. ಆಮೇಲೆ ಕೆಮ್ಮಿದರು.

“ಇದು ನಕಲು ಅಲ್ಲ ಅಂತಲೇ ನಾನು ವರದಿ ಬರೀತೀನಿ. ತಪ್ಪು ಮಾಹಿತಿಗೆ ಇಬ್ಬರಿಗೂ ಎರಡೆರಡು ಅಂಕ ಕಡಿತ. ಇಬ್ಬರೂ ಪಾಸ್.” ಪರದೆಯ ಕಡೆ ಬಗ್ಗಿ ಸೇರಿಸಿದರು, “ಬಾಗಿಲ ಹತ್ತಿರ ಯಾರದೋ ಅರ್ಧ ಕಿವಿ ಕಾಣ್ತಿದೆ. ಅವರಿಗೂ ಹೇಳಿಬಿಡಿ.”

ಪರದೆ ಕಪ್ಪಾಯಿತು.

ಗಂಗಾ ಒಳಗೆ ಬಂದಳು. ಕೆನ್ನೆ ಒದ್ದೆಯಾಗಿತ್ತು, ಹುಬ್ಬು ಗಂಟಿಕ್ಕಿತ್ತು.

“ಇನ್ನ ಮ್ಯಾಲ ನನ್ನ ಕೇಳದ ನನ್ನ ಉಳಸಬ್ಯಾಡ್ರಿ!”

“ಇಲ್ರಿ. ಆಣಿ ಮಾಡ್ಲೇನು?”

“ಬ್ಯಾಡ. ಮೇಡಂಗ ಹೇಳಿದ್ರಲ್ಲ... ಅದನ್ನ ನನಗ ಹೇಳ್ರಿ.”

ಕನಕರಾಜ್ ಎದ್ದು ನಿಂತ. ನಲವತ್ತು ಜನರನ್ನು ಬಾಗಿಲಲ್ಲೇ ತಡೆದವನು ಈಗ ಉಪ್ಪಿನಕಾಯಿ ಭರಣಿ ಹಿಡಿದುಕೊಂಡ.

“ನೀವಂದ್ರ ನನಗ ಭಾಳ ಇಷ್ಟ, ಗಂಗಾ. ಜನ್ಮ ಪೂರ್ತಿ ನಿಮ್ಮ ದನಿ ಕೇಳಬೇಕು... ತಿಳೀತೇನು?”

ಅವಳು ತಲೆಯಾಡಿಸಿದಳು. ಕಣ್ಣೀರಿನ ನಡುವೆಯೇ ನಕ್ಕಳು.

“ಇಲ್ಲ... ಮತ್ತೊಮ್ಮೆ ಹೇಳ್ರಿ.”